ಯಾರ ಜಿಂಕೆ, ಯಾರ ಹೊಳೆ



ನಮ್ಮ ದೇಶದಲ್ಲಿ ಬೇಟೆಗೆ ಬಾಗಿಲು ಬೀಳತೊಡಗಿದ್ದು 1972ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಸತ್ತ ಹುಲಿಯ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದವರ ಕೋವಿಗಳು ಗೋಡೆಯ ಗೂಟ ಸೇರಿದವು. ಅದೇ 1972ರಲ್ಲಿ ಅಮೆರಿಕದ ಪಶ್ಚಿಮದ ಮೊಂಟಾನಾ ರಾಜ್ಯ ತನಗೊಂದು ಹೊಸ ಸಂವಿಧಾನ ಬರೆದುಕೊಂಡಿತು. ಅಲ್ಲಿನ ಮತದಾರರು 2004ರಲ್ಲಿ ಅದಕ್ಕೊಂದು ತಿದ್ದುಪಡಿ ಸೇರಿಸಿದರು: ಕಾಡಿನ ಪ್ರಾಣಿಯನ್ನು ಬೇಟೆಯಾಡುವ, ಮೀನು ಹಿಡಿಯುವ ಅವಕಾಶ ರಾಜ್ಯದ ಜನರ ಪರಂಪರೆ, ಅದನ್ನು ಎಂದೆಂದಿಗೂ ಉಳಿಸಿಕೊಡಬೇಕು ಎಂದು. ಪ್ರಾಣಿ ಉಳಿಯಲಿ ಎಂಬ ಆಸೆ ಇಬ್ಬರದೂ. ಹಿಡಿದ ದಾರಿ ಮಾತ್ರ ತೀರ ಎದುರುಬದುರು. ಆ ಎದುರು ದಾರಿಯಲ್ಲಿ ನಡೆದವರು ಎಲ್ಲಿಗೆ ಮುಟ್ಟಿದ್ದಾರೆ ಎಂಬುದನ್ನು ಇವತ್ತು ನೋಡೋಣ.

ಮೊಂಟಾನಾ ಕರ್ನಾಟಕದ ಎರಡರಷ್ಟಿದೆ. ಸುಮಾರು 3 ಲಕ್ಷ 80 ಸಾವಿರ ಚದರ ಕಿಲೋಮೀಟರ್ ನೆಲ. ಜನಸಂಖ್ಯೆ 11 ಲಕ್ಷದ ಆಸುಪಾಸು. ಹೆಚ್ಚುಕಡಿಮೆ ಮೈಸೂರು ನಗರದ ಜನ ಎರಡು ಕರ್ನಾಟಕದ ತುಂಬ ಹಂಚಿಹೋದ ಹಾಗೆ. ಪಶ್ಚಿಮಕ್ಕೆ ರಾಕಿ ಪರ್ವತಗಳು, ಪೈನು ಮತ್ತು ಫರ್ ಮರಗಳ ಕಾಡು. ನಡುವೆ ಅಗಲವಾದ ಕಣಿವೆಗಳು, ಅವುಗಳ ನಟ್ಟನಡುವೆ ತಣ್ಣನೆಯ ಹೊಳೆಗಳು. ಪೂರ್ವಕ್ಕೆ ಹೋದಂತೆ ಬೆಟ್ಟ ಮುಗಿದು ಗೋಧಿ ಹೊಲ, ಹುಲ್ಲುಗಾವಲು, ಮಳೆ ಕೊರೆದ ಬರಡು ದಿಣ್ಣೆಗಳು. ಉತ್ತರದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಟ್ರಿಪಲ್ ಡಿವೈಡ್ ಎಂಬ ಶಿಖರವಿದೆ. ಅದರ ನೆತ್ತಿಗೆ ಬಿದ್ದ ಮಳೆ ಒಂದು ಮಗ್ಗುಲಿಗೆ ಇಳಿದರೆ ಪೆಸಿಫಿಕ್ ಸಾಗರ ಸೇರುತ್ತದೆ, ಇನ್ನೊಂದು ಮಗ್ಗುಲಿಗೆ ಇಳಿದರೆ ಮೆಕ್ಸಿಕೊ ಕೊಲ್ಲಿ, ಮೂರನೆಯ ಕಡೆ ಜಾರಿದರೆ ಕೆನಡಾದ ಹಡ್ಸನ್ ಕೊಲ್ಲಿ. ಇಂಥ ನಾಡಿನಲ್ಲಿ ಬೇಟೆಯೂ ಗಾಳವೂ ಒಂದೇ ಬಗೆಯಾಗಿರುವುದು ಸಾಧ್ಯವಿಲ್ಲ. ಪ್ರಾಣಿ ಬೇರೆ, ಹೊಂಚುವ ರೀತಿ ಬೇರೆ, ಜಗಳವೂ ಬೇರೆ. ಆದರೆ ಎಲ್ಲ ಜಗಳದ ಬುಡದಲ್ಲಿಯೂ ಒಂದೇ ಪ್ರಶ್ನೆ ಕೂತಿದೆ. ಈ ಜಿಂಕೆ ಯಾರದು? ಈ ಹೊಳೆ ಯಾರದು?

ಮೊಂಟಾನಾದ ಕಾನೂನಿನ ಉತ್ತರ ಸರಳ. ಕಾಡುಪ್ರಾಣಿ ಜಮೀನಿನ ಒಡೆಯನದಲ್ಲ. ಅದು ಎಲ್ಲ ಪ್ರಜೆಗಳದು, ಸರ್ಕಾರ ಅದನ್ನು ಅವರ ಪರವಾಗಿ ನೋಡಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಬಹುಕಾಲ ಜಿಂಕೆ ಎಂದರೆ ಅರಸನದೋ ಜಮೀನ್ದಾರನದೋ ಆಗಿತ್ತು. ಅಲ್ಲಿಂದ ಬಂದವರ ಮಕ್ಕಳು ಅದನ್ನು ತಿರುಗಿಸಿ ಹಾಕಿದರು. ಆ ಬುದ್ಧಿ ಬಂದದ್ದು ತಡವಾಗಿ, ಬಹಳ ದುಬಾರಿ ಬೆಲೆ ತೆತ್ತ ಮೇಲೆ. ಬಯಲಿನ ತುಂಬ ಇದ್ದ ಬೈಸನ್‌ಗಳನ್ನು, ನಮ್ಮ ಕಾಟಿಯ ದೂರದ ಸಂಬಂಧಿಗಳು ಎನ್ನಿ, ತೊಗಲಿಗಾಗಿ ಹೊಡೆದು ಹೊಡೆದು 1880ರ ದಶಕದ ಮೊದಲ ವರ್ಷಗಳಲ್ಲೇ ಬಹುಪಾಲು ಮುಗಿಸಿದ್ದರು. 1886ರಲ್ಲಿ ವಿಲಿಯಂ ಹಾರ್ನಡೆ ಎಂಬಾತ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಿಂದ ಮೊಂಟಾನಾಕ್ಕೆ ಬಂದ. ಬೈಸನ್ ಪೂರ್ತಿ ಅಳಿದುಹೋಗುವ ಮೊದಲು ಮಾದರಿಗೆಂದು ಕೆಲವನ್ನು ತೊಗಲು ತುಂಬಿಸಿ ಇಡಬೇಕಿತ್ತು. ಅಳಿಯುತ್ತಿದೆ ಎಂದು ಗೊತ್ತಿದ್ದೂ ಅವನೇ 20ಕ್ಕೂ ಮಿಕ್ಕಿ ಹೊಡೆದ. ಅದೇ ಹಾರ್ನಡೆ ಮುಂದೆ ಬೈಸನ್ ಉಳಿಸುವ ಚಳವಳಿಯ ಮುಂದಾಳಾದ. ಅವನು ತುಂಬಿಸಿ ನಿಲ್ಲಿಸಿದ ಆ ಗುಂಪು ಇವತ್ತು ಮೊಂಟಾನಾದ ಫೋರ್ಟ್ ಬೆಂಟನ್ ಊರಿನ ಸಂಗ್ರಹಾಲಯದಲ್ಲಿದೆ. ಮನುಷ್ಯನ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದವರು ಹೋಗಿ ನೋಡಬಹುದು.

ಆಮೇಲೆ ಬಂದವು ಕಾಯ್ದೆಗಳು. ಮಾಂಸ ಮಾರುವುದಕ್ಕಾಗಿ ಕಾಡುಪ್ರಾಣಿ ಹೊಡೆಯುವುದು ನಿಂತಿತು. ಸೀಸನ್ ಬಂತು, ಲೈಸೆನ್ಸ್ ಬಂತು. ದುಡ್ಡು ಎಲ್ಲಿಂದ ಬರಬೇಕು ಎಂಬುದಕ್ಕೆ ಅಮೆರಿಕದವರು ಕಂಡುಕೊಂಡ ಉಪಾಯ ನನಗೆ ಮೆಚ್ಚುಗೆ. 1937ರ ಕಾಯ್ದೆಯಂತೆ ಉದ್ದ ಕೋವಿ, ತೋಟೆಗಳ ಮೇಲೆ ಶೇಕಡಾ 11 ತೆರಿಗೆ. ಅದು ಬೇರೆ ಯಾವ ಖಾತೆಗೂ ಹೋಗದೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗಬೇಕು. 1950ರಲ್ಲಿ ಗಾಳದ ಕೋಲು, ರೀಲುಗಳಿಗೂ ಅಂಥದೇ ತೆರಿಗೆ ಬಂತು. ಹೊಡೆಯುವವನೇ ಸಾಕುವ ಖರ್ಚು ಕೊಡುತ್ತಾನೆ. ಇದರಲ್ಲಿ ಒಂದು ಅಪಾಯವೂ ಇದೆ: ಯಾವ ಪ್ರಾಣಿಗೆ ಗಿರಾಕಿ ಉಂಟೋ ಆ ಪ್ರಾಣಿಯ ಕಡೆಗೇ ಇಲಾಖೆಯ ಕಣ್ಣು ಹೊರಳುತ್ತದೆ. ಕಪ್ಪೆಗೂ ಹಲ್ಲಿಗೂ ಲೈಸೆನ್ಸ್ ಕೊಳ್ಳುವವರಿಲ್ಲವಲ್ಲ.

ಇನ್ನು ಬೆಟ್ಟ ಹತ್ತೋಣ. ಪಶ್ಚಿಮದ ಕಾಡಿನ ರಾಜ ಎಲ್ಕ್. ನಮ್ಮ ಕಡವೆಯ ಬಳಗದ್ದೇ; ಗಂಡು 300 ಕಿಲೋ ಮೀರುತ್ತದೆ. ಸೆಪ್ಟೆಂಬರಿನಲ್ಲಿ ಬೆದೆಗೆ ಬಂದ ಗಂಡು ಕೂಗುವುದನ್ನು ಕೇಳಿದರೆ, ಇಷ್ಟು ದೊಡ್ಡ ಪ್ರಾಣಿಯ ಗಂಟಲಲ್ಲಿ ಇಷ್ಟು ಸಣ್ಣ ಸೀಟಿ ಯಾರಿಟ್ಟರು ಎನಿಸುತ್ತದೆ. ಆ ತಿಂಗಳು ಬಿಲ್ಲುಬಾಣದವರ ಪಾಲು. ಕೋವಿಯ ಸೀಸನ್ ಅಕ್ಟೋಬರ್ ಕೊನೆಗೆ ತೆರೆದು ಐದು ವಾರ ನಡೆಯುತ್ತದೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಭಾನುವಾರಕ್ಕೆ ಮುಗಿಯುತ್ತದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಗುಂಡು. ಮೈಮೇಲೆ ಸೊಂಟದಿಂದ ಮೇಲಕ್ಕೆ ಕನಿಷ್ಠ 400 ಚದರ ಅಂಗುಲ ಕಿತ್ತಳೆ ಬಟ್ಟೆ ಇರಲೇಬೇಕು, ಇನ್ನೊಬ್ಬ ಬೇಟೆಗಾರ ನಿಮ್ಮನ್ನು ಎಲ್ಕ್ ಎಂದುಕೊಳ್ಳದಿರಲಿ ಎಂದು. 1985ರಿಂದೀಚೆಗೆ ಹುಟ್ಟಿದವರು ಬೇಟೆಯ ಪಾಠ ಕಲಿತು ಪಾಸಾಗದೆ ಲೈಸೆನ್ಸ್ ಸಿಗದು.

ಪ್ರಾಣಿ ಬಿತ್ತು ಎಂದುಕೊಳ್ಳಿ. ಮೊದಲು ಟ್ಯಾಗಿನಲ್ಲಿ ಆ ದಿನದ ತಿಂಗಳು, ತಾರೀಖಿನ ಗುರುತನ್ನು ಚಾಕುವಿನಿಂದ ಕತ್ತರಿಸಿ ಪ್ರಾಣಿಗೆ ಕಟ್ಟಬೇಕು. ಈಗೀಗ ಮೊಬೈಲಿನಲ್ಲೂ ಮಾಡಬಹುದು. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ತಿನ್ನಬಹುದಾದ ಮಾಂಸವನ್ನು ಕಾಡಲ್ಲಿ ಬಿಟ್ಟುಬರುವುದು ಅಪರಾಧ. ಹಿಮದಲ್ಲಿ, ಇಳಿಜಾರಿನಲ್ಲಿ, ನಾಲ್ಕು ಪಾಲು ಮಾಡಿ ಬೆನ್ನಿಗೆ ಕಟ್ಟಿ ಹೊರಬೇಕು, ಇಲ್ಲವೇ ಹೇಸರಗತ್ತೆ, ಕುದುರೆ ಬೇಕು. ಮರಳಿ ಎರಡನೆಯ ಹೊರೆಗೆ ಹೋದಾಗ ಮಿಕ್ಕ ಮಾಂಸದ ಮೇಲೆ ಗ್ರಿಜ್ಲಿ ಕರಡಿ ಕೂತಿದ್ದರೆ ಅದರ ಜೊತೆ ವಾದ ಮಾಡುವಂತಿಲ್ಲ. ಗ್ರಿಜ್ಲಿಗೆ 1975ರಿಂದ ಕಾನೂನಿನ ರಕ್ಷಣೆ ಇದೆ. ಹಾಗಾಗಿ ಬೇಟೆಗಾರನ ಸೊಂಟದಲ್ಲಿ ಮೆಣಸಿನ ಖಾರದ ಸ್ಪ್ರೇ ಡಬ್ಬಿಯೂ ನೇತಾಡುತ್ತಿರುತ್ತದೆ.

ಬೋಜ್‌ಮನ್ ಊರಿನಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗನ ಮನೆಗೆ ಹೋಗಿದ್ದಾಗ, ಅವನಿದ್ದ ಮನೆಯ ಯಜಮಾನ ಗ್ಯಾರೇಜಿನ ದೊಡ್ಡ ಫ್ರೀಜರ್ ತೆರೆದು ತೋರಿಸಿದ್ದ. ಬಿಳಿ ಕಾಗದ ಸುತ್ತಿದ ಪೊಟ್ಟಣಗಳು, ಪ್ರತಿಯೊಂದರ ಮೇಲೂ ಪ್ರಾಣಿ, ಭಾಗ, ವರ್ಷ ಬರೆದಿತ್ತು. ಮೇಷ್ಟರಾದ ಅವನ ಸಂಬಳದಲ್ಲಿ ಚಳಿಗಾಲ ಕಳೆಯುವ ಸಂಸಾರಕ್ಕೆ ಅದು ವರ್ಷದ ಮಾಂಸ. ಊರಿನವನಿಗೆ ಎಲ್ಕ್ ಲೈಸೆನ್ಸಿಗೆ ಸುಮಾರು 20 ಡಾಲರ್; ಹೊರರಾಜ್ಯದವನಿಗೆ ಚೀಟಿ ಎತ್ತಿ, ಸಾವಿರ ಡಾಲರಿಗೂ ಮೀರಿ ವಸೂಲಿ ಮಾಡುತ್ತಾರೆ. ಆತ ನನಗೂ ಒಂದು ಪೊಟ್ಟಣ ಕೈಗೆ ಕೊಟ್ಟ. "ಬೇಡ ಅನ್ಬೇಡಿ ಮಾವ, ಬೇಜಾರು ಮಾಡ್ಕೋತಾರೆ" ಎಂದು ಹುಡುಗ ಕನ್ನಡದಲ್ಲಿ ಪಿಸುಗುಟ್ಟಿದ. ಇಸಕೊಂಡೆ. ತಿನ್ನದ ನನ್ನ ಪಾಲನ್ನು ಹುಡುಗನೇ ತಿಂದ.

ಬೆಟ್ಟದಿಂದ ಹೊಳೆಗೆ ಇಳಿದರೆ ಕಥೆ ಇನ್ನಷ್ಟು ರುಚಿಯಾಗುತ್ತದೆ. ಜೆಫರ್ಸನ್, ಮ್ಯಾಡಿಸನ್, ಗ್ಯಾಲಟಿನ್ ಎಂಬ ಮೂರು ಹೊಳೆ ಕೂಡಿ ಮಿಸ್ಸೂರಿ ನದಿ ಹುಟ್ಟುತ್ತದೆ. 1805ರಲ್ಲಿ ಅಲ್ಲಿಗೆ ಬಂದ ಅನ್ವೇಷಕರು ಲೂಯಿಸ್ ಮತ್ತು ಕ್ಲಾರ್ಕ್ ಆ ಮೂರಕ್ಕೂ ತಮ್ಮ ಅಧ್ಯಕ್ಷರ, ಮಂತ್ರಿಗಳ ಹೆಸರಿಟ್ಟು ಹೋದರು. ಇವತ್ತು ಜಗತ್ತಿನ ಮೂಲೆಮೂಲೆಯ ಟ್ರೌಟ್ ಮೀನಿನ ಹುಚ್ಚರು ಅಲ್ಲಿಗೆ ಬರುತ್ತಾರೆ. ಸೊಂಟದವರೆಗೆ ಹೊಳೆಯಲ್ಲಿ ನಿಂತು, ಗರಿ, ಕೂದಲು, ದಾರದಿಂದ ಹುಳುವಿನಂತೆ ಕಟ್ಟಿದ ಗಾಳವನ್ನು ನೀರಿನ ಮೇಲೆ ತೇಲಿಬಿಡುವ ಆಟ. ನಾರ್ಮನ್ ಮೆಕ್ಲೀನ್ ಈ ಆಟವನ್ನೇ ಹೆಣೆದು 1976ರಲ್ಲಿ ಒಂದು ಪುಸ್ತಕ ಬರೆದ. ರಾಬರ್ಟ್ ರೆಡ್‌ಫರ್ಡ್ 1992ರಲ್ಲಿ ಅದನ್ನು ಸಿನಿಮಾ ಮಾಡಿದ ಮೇಲಂತೂ ಗಾಳದ ಅಂಗಡಿಗಳಿಗೆ ಸುಗ್ಗಿ. ಒಂದು ತಮಾಷೆಯೆಂದರೆ, ಇವರು ಹುಡುಕಿಕೊಂಡು ಬರುವ ಕಂದು ಟ್ರೌಟು ಯುರೋಪಿನದು, ಕಾಮನಬಿಲ್ಲಿನ ಟ್ರೌಟು ಪೆಸಿಫಿಕ್ ತೀರದ್ದು. ಕೊರಳಲ್ಲಿ ಕೆಂಪು ಗೆರೆಯಿರುವ ಕಟ್‌ಥ್ರೋಟ್ ಮೀನೇ ಇಲ್ಲಿನ ಮೂಲನಿವಾಸಿ. ಅದು ಈಗ ಹೆಚ್ಚಾಗಿ ಮೇಲಿನ ತೊರೆಗಳಿಗೆ ಸರಿದುಹೋಗಿದೆ.

ದಶಕಗಳ ಕಾಲ ಸರ್ಕಾರ ಕೆರೆಕುಂಟೆಗಳಿಗೆ ಮರಿ ಬಿಡುವಂತೆ ಹೊಳೆಗಳಿಗೂ ಸಾಕಿದ ಟ್ರೌಟ್ ತಂದು ಸುರಿಯುತ್ತಿತ್ತು. ಮೀನು ಕಡಿಮೆಯಾಯಿತೇ, ಇನ್ನೊಂದು ಲಾರಿ ತರಿಸಿ. 1960ರ ದಶಕದ ಕೊನೆಗೆ ಡಿಕ್ ವಿನ್ಸೆಂಟ್ ಎಂಬ ಸರ್ಕಾರಿ ಜೀವವಿಜ್ಞಾನಿ ಮ್ಯಾಡಿಸನ್ ಹೊಳೆಯ ಮೀನು ಎಣಿಸುತ್ತ ಒಂದು ವಿಚಿತ್ರ ಕಂಡ. ಲಾರಿ ಬರುವ ಕಡೆಯೇ ಕಾಡುಮೀನು ಸೊರಗುತ್ತಿತ್ತು. ಪರೀಕ್ಷೆಗೆಂದು ಮ್ಯಾಡಿಸನ್ನಿನ ವಾರ್ನಿ ಭಾಗದಲ್ಲಿ ಸುರಿಯುವುದನ್ನು ನಿಲ್ಲಿಸಿದರು. ಅದುವರೆಗೆ ಸುರಿಯದಿದ್ದ ಓಡೆಲ್ ತೊರೆಯಲ್ಲಿ ಸುರಿಯತೊಡಗಿದರು. ನಿಲ್ಲಿಸಿದ ಕಡೆ ಕಾಡುಮೀನು ಏರಿತು, ಸುರಿದ ಕಡೆ ಇಳಿಯಿತು. ಕಾರಣ ಇಷ್ಟು: ಹೊಳೆಯಲ್ಲಿ ಹುಟ್ಟಿದ ಮೀನಿಗೆ ಕಲ್ಲಿನ ಮರೆ, ಮಡು, ಮೇವು ಬರುವ ದಿಕ್ಕು, ಎಲ್ಲದಕ್ಕೂ ತನ್ನ ಜಾಗ ಗೊತ್ತು; ಕಡಿಮೆ ಶ್ರಮದಲ್ಲಿ ಬದುಕುತ್ತದೆ. ತೊಟ್ಟಿಯಲ್ಲಿ ಬೆಳೆದದ್ದಕ್ಕೆ ಆ ರಿವಾಜು ಗೊತ್ತಿಲ್ಲ. ಗುಂಪಾಗಿ ನುಗ್ಗಿ ಎಲ್ಲರ ಜಾಗ ಕೆಡಿಸುತ್ತದೆ, ತಾನೂ ಬಹುಕಾಲ ಬಾಳುವುದಿಲ್ಲ. ಮರಿಕೇಂದ್ರದವರು, ಅಂಗಡಿಯವರು, ಗಾಳದವರು ಸಿಟ್ಟಿಗೆದ್ದರು. ಮೀನು ಬಿಡದೆ ಮೀನು ಹೆಚ್ಚುತ್ತದೆ ಎಂದರೆ ಯಾರು ನಂಬುತ್ತಾರೆ? ಆದರೂ 1974ರಲ್ಲಿ ಮೊಂಟಾನಾ ತಾನಾಗಿಯೇ ಟ್ರೌಟ್ ಬಾಳುವ ಹೊಳೆಗಳಿಗೆ ಮೀನು ಸುರಿಯುವುದನ್ನು ಕೈಬಿಟ್ಟಿತು.

ಈ ಮಾತು ನಮಗೆ ಹತ್ತಿರದ್ದು. ಕಾವೇರಿಯ ಬೆನ್ನುಗೂನಿನ ಮಹಶೀರ್, ನದಿಯಂಚಿನವರ ಬಿಳಿಮೀನು, ಒಂದು ಕಾಲಕ್ಕೆ ಲೋಕಪ್ರಸಿದ್ಧ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿಯಲ್ಲಿ 120 ಪೌಂಡಿನದನ್ನು ಎಳೆದು ಹಾಕಿದ್ದರು. ಮಹಶೀರ್ ಕಡಿಮೆಯಾಗುತ್ತಿದೆ ಎಂದು, ಒಳ್ಳೆಯ ಉದ್ದೇಶದಿಂದಲೇ, ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಬಂದ ಮೀನು ಹಬ್ಬಿತು. ಮೂಲದ ಮೀನು ಕಾಣೆಯಾಗುತ್ತ ಬಂತು. ಅಣೆಕಟ್ಟು, ಮರಳು ತೆಗೆತ, ಸಿಡಿಮದ್ದು ಇವೂ ಕೈಸೇರಿಸಿದವು, ನಿಜ. 2018ರಲ್ಲಿ ಅದು ಅಳಿವಿನ ಕಟ್ಟಕಡೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಮ್ಯಾಡಿಸನ್ನಿನ ಲೆಕ್ಕ 1970ರ ದಶಕದಲ್ಲೇ ಅಚ್ಚಾಗಿತ್ತು.

ಹಾಗೆಂದು ಮೊಂಟಾನಾದವರನ್ನು ಜ್ಞಾನಿಗಳೆಂದು ಹೊಗಳುವ ಹಾಗಿಲ್ಲ. ಅದೇ ಕಾಲಕ್ಕೆ ವಾಯವ್ಯದಲ್ಲಿ ಅವರು ಮಾಡಿದ್ದು ನೋಡಿ. ಫ್ಲಾಟ್‌ಹೆಡ್ ದೊಡ್ಡ ಸಿಹಿನೀರಿನ ಸರೋವರ. ಅಲ್ಲಿ ಕೊಕನೀ ಎಂಬ ಪುಟ್ಟ ಸಾಲ್ಮನ್, ಅದೂ ಹೊರಗಿನಿಂದ ತಂದದ್ದೇ, ಜನಪ್ರಿಯವಾಗಿತ್ತು. ಅದಕ್ಕೆ ಒಳ್ಳೆಯ ಮೇವಾಗಲಿ ಎಂದು 1968ರಿಂದ 1975ರ ನಡುವೆ ಮೇಲಿನ ಕೆರೆಗಳಿಗೆ ಮೈಸಿಸ್ ಎಂಬ ಚಿಕ್ಕ ಸಿಗಡಿ ಬಿಟ್ಟರು. ಕೆನಡಾದ ಒಂದು ಸರೋವರದಲ್ಲಿ ಇದು ಫಲ ಕೊಟ್ಟಿತ್ತು. ಸಿಗಡಿ ನೀರಿನೊಡನೆ ಇಳಿದು ಫ್ಲಾಟ್‌ಹೆಡ್ ಸೇರಿತು. ಆದರೆ ಮೈಸಿಸ್ ಹಗಲು ತಳದ ಕತ್ತಲಲ್ಲಿ ಮಲಗುತ್ತದೆ, ರಾತ್ರಿ ಮೇಲೆ ಬಂದು ಮೇಯುತ್ತದೆ. ಕೊಕನೀ ಕಣ್ಣಿಂದ ನೋಡಿ ಹಗಲು ತಿನ್ನುವ ಮೀನು. ಊಟವೆಂದು ತಂದದ್ದು ಊಟಕ್ಕೆ ಸಿಗಲಿಲ್ಲ. ಮೇಲಾಗಿ ಕೊಕನೀ ತಿನ್ನುತ್ತಿದ್ದ ಸೂಕ್ಷ್ಮಜೀವಿಗಳನ್ನೆಲ್ಲ ಅದೇ ನುಂಗಿತು. ತಳದಲ್ಲಿ ಬಾಳುವ ಲೇಕ್ ಟ್ರೌಟಿಗೆ ಮಾತ್ರ ಹಬ್ಬ. ಅದು ಸಿಗಡಿ ತಿಂದು ಕೊಬ್ಬಿ, ಹೆಚ್ಚಿ, ಕೊಕನೀಗೂ ಬಾಯಿ ಹಾಕಿತು. 1980ರ ದಶಕ ಮುಗಿಯುವುದರೊಳಗೆ ಕೊಕನೀ ಇಲ್ಲವಾಯಿತು. ಅಲ್ಲಿಗೇ ನಿಲ್ಲಲಿಲ್ಲ. ಪ್ರತಿ ಶರತ್ಕಾಲ ಕೊಕನೀ ಮೊಟ್ಟೆಯಿಡಲು ಮೇಲೇರುತ್ತಿದ್ದ ಮೆಕ್‌ಡೊನಾಲ್ಡ್ ತೊರೆಯಲ್ಲಿ 1981ರಲ್ಲಿ ಒಂದೇ ದಿನ 600ಕ್ಕೂ ಹೆಚ್ಚು ಬೋಳುತಲೆಯ ಗರುಡಗಳನ್ನು ಎಣಿಸಿದ್ದರು. ಮೀನು ಹೋಯಿತು, ಗರುಡಗಳ ಜಾತ್ರೆಯೂ ಹೋಯಿತು, ಅದನ್ನು ನೋಡಲು ಬರುತ್ತಿದ್ದ ಜನವೂ ಹೋದರು.

ಈಗ ಆ ಸರೋವರದ ದಕ್ಷಿಣಾರ್ಧ ಇರುವ ಮೀಸಲು ಪ್ರದೇಶದ ಸೇಲಿಶ್ ಮತ್ತು ಕೂಟನಾಯ್ ಬುಡಕಟ್ಟಿನವರು ಬಹುಮಾನ ಇಟ್ಟು ಲೇಕ್ ಟ್ರೌಟ್ ಹಿಡಿಸುತ್ತಿದ್ದಾರೆ, ಮೂಲದ ಬುಲ್ ಟ್ರೌಟಿಗೆ ಉಸಿರಾಡಲು ಜಾಗ ಆಗಲಿ ಎಂದು. ಬುಡಕಟ್ಟಿನ ನೆಲದಲ್ಲಿ ಮೀನು ಹಿಡಿಯಲು ಅವರದೇ ಪರ್ಮಿಟ್ ಬೇಕು. "ಯಾರದು" ಎಂಬ ಪ್ರಶ್ನೆಗೆ ಅಲ್ಲಿ ಇನ್ನೊಂದು ಉತ್ತರವಿದೆ, ಅದು ರಾಜ್ಯಕ್ಕಿಂತ ಹಳೆಯದು. 1855ರ ಹೆಲ್‌ಗೇಟ್ ಒಪ್ಪಂದದಲ್ಲಿ ನೆಲ ಬಿಟ್ಟುಕೊಡುವಾಗಲೂ ಅವರು ಬೇಟೆ ಮತ್ತು ಮೀನಿನ ಹಕ್ಕನ್ನು ಉಳಿಸಿಕೊಂಡಿದ್ದರು. ಅದೇ ಮೀಸಲಿನ ನಡುವೆ 1908ರಲ್ಲಿ ಸರ್ಕಾರ ನೆಲ ತೆಗೆದುಕೊಂಡು ಬೈಸನ್ ಧಾಮ ಕಟ್ಟಿತ್ತು. 2020ರ ಕೊನೆಗೆ ಅದನ್ನು ಬುಡಕಟ್ಟಿಗೇ ಮರಳಿಸುವ ಕಾಯ್ದೆ ಆಯಿತು. ದಕ್ಷಿಣದ ಕ್ರೋ ಜನರದು ಬೇರೊಂದು ಪ್ರಸಂಗ. ಅವರಲ್ಲೊಬ್ಬ ಎಲ್ಕಿನ ಜಾಡು ಹಿಡಿದು ಗಡಿ ದಾಟಿ ವಯೋಮಿಂಗ್‌ಗೆ ಹೋಗಿ ಹೊಡೆದ, ಆ ರಾಜ್ಯ ಕೇಸು ಹಾಕಿತು. ವಯೋಮಿಂಗ್ ರಾಜ್ಯವಾದ ಮಾತ್ರಕ್ಕೆ 1868ರ ಒಪ್ಪಂದ ಸತ್ತಿಲ್ಲ ಎಂದು 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಬೇಕಾಯಿತು.

ಪೂರ್ವದ ಬಯಲಿಗೆ ಬಂದರೆ ಮರೆಗೊಂದು ಮರವಿಲ್ಲ. ಅಲ್ಲಿನ ಪ್ರಾಂಗ್‌ಹಾರ್ನ್ ನೋಡಲು ಕೃಷ್ಣಮೃಗದ ಹಾಗೆ, ಆದರೆ ಆ ಕುಲದ್ದಲ್ಲ. ಅದರ ವಂಶದಲ್ಲಿ ಉಳಿದಿರುವುದು ಅದೊಂದೇ. ಗಂಟೆಗೆ 80 ಕಿಲೋಮೀಟರ್ ಮೀರಿ ಓಡಬಲ್ಲದು, ಬಹು ದೂರದಿಂದಲೇ ನಿಮ್ಮನ್ನು ನೋಡಿಯೂ ಬಿಡುತ್ತದೆ. ಹೊಟ್ಟೆಯ ಮೇಲೆ ತೆವಳುತ್ತ, ಕಳ್ಳಿಯ ಮುಳ್ಳು ಕೀಳುತ್ತ ಹತ್ತಿರ ಹೋಗುವುದೇ ಅದರ ಬೇಟೆ. ಇಷ್ಟು ವೇಗದ ಪ್ರಾಣಿಗೆ ಬೇಲಿ ಹಾರುವ ಅಭ್ಯಾಸವೇ ಇಲ್ಲ, ಕೆಳಗಿಂದ ನುಸುಳುತ್ತದೆ. ಅದಕ್ಕೇ ಕೆಲವು ರೈತರು ಬೇಲಿಯ ಕೆಳತಂತಿಯನ್ನು ಮುಳ್ಳಿಲ್ಲದ್ದು ಮಾಡಿ ಒಂದೂವರೆ ಅಡಿ ಮೇಲಕ್ಕೆ ಎತ್ತಿ ಕಟ್ಟುತ್ತಾರೆ.

ಅದೇ ಬಯಲಿನ ಗ್ಲೆಂಡೈವ್ ಊರಿನ ಹತ್ತಿರ, ಯೆಲ್ಲೋಸ್ಟೋನ್ ನದಿಯ ಇನ್‌ಟೇಕ್ ಎಂಬಲ್ಲಿ, ಬೇಸಿಗೆಯ ಮೊದಲಿಗೆ ಪ್ಯಾಡಲ್‌ಫಿಶ್ ಬರುತ್ತದೆ. ಮೂತಿಯ ಮುಂದೆ ದೋಣಿಯ ಹುಟ್ಟಿನಂಥ ಉದ್ದ ಹಲಗೆ; ಮೈಗೆ ಹುರುಪೆಯಿಲ್ಲ; 100 ಪೌಂಡು ದಾಟುವುದೂ ಉಂಟು. ಅದು ತಿನ್ನುವುದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು, ಹಾಗಾಗಿ ಯಾವ ಎರೆಗೂ ಬಾಯಿ ಹಾಕದು. ದೊಡ್ಡ ಮೂರುಮುಖದ ಕೊಕ್ಕೆಯನ್ನು ಕೆಸರುನೀರಿಗೆ ಎಸೆದು ಜಗ್ಗಿ ಜಗ್ಗಿ, ಮೈಗೆ ಸಿಕ್ಕಿದರೆ ಸಿಕ್ಕಿತು ಎಂದು ಹಿಡಿಯುತ್ತಾರೆ. ಮ್ಯಾಡಿಸನ್ನಿನ ನಾಜೂಕಿನವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ನನಗೇನೋ ಇದು ಹೆಚ್ಚು ಪ್ರಾಮಾಣಿಕವಾಗಿ ಕಂಡಿತು. ಒಬ್ಬರಿಗೆ ವರ್ಷಕ್ಕೆ ಒಂದೇ ಮೀನು. ಹಿಡಿದ ಮೀನನ್ನು ಊರಿನ ವಾಣಿಜ್ಯ ಸಂಘದವರು ಪುಕ್ಕಟೆ ಶುಚಿ ಮಾಡಿಕೊಡುತ್ತಾರೆ, ಬದಲಿಗೆ ಮೊಟ್ಟೆ ಅವರಿಗೆ. ಅದು ಕ್ಯಾವಿಯರ್ ಆಗಿ ಮಾರಾಟವಾಗಿ, ದುಡ್ಡು ಊರಿನ ಕೆಲಸಗಳಿಗೂ ಮೀನಿನ ಸಂಶೋಧನೆಗೂ ಹೋಗುತ್ತದೆ.

ಕೊನೆಗೆ ಮತ್ತೆ ಬೇಲಿಯ ಮಾತು. ನೀರಿನ ವಿಚಾರವನ್ನು ಮೊಂಟಾನಾ ಇತ್ಯರ್ಥ ಮಾಡಿಕೊಂಡಿದೆ. ಡಿಯರ್‌ಬಾರ್ನ್, ಬೀವರ್‌ಹೆಡ್ ಹೊಳೆಗಳ ಎರಡು ಮೊಕದ್ದಮೆಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು 1984ರಲ್ಲಿ ತೀರ್ಪು ಕೊಟ್ಟಿತು, 1985ರಲ್ಲಿ ಕಾಯ್ದೆಯಾಯಿತು: ದಂಡೆಯ ಜಮೀನು ಯಾರದೇ ಇರಲಿ, ಸೇತುವೆಯ ಬಳಿಯೋ ಸಾರ್ವಜನಿಕ ಜಾಗದಲ್ಲೋ ನೀರಿಗಿಳಿದವನು ಎಂದಿನ ತುಂಬುನೀರಿನ ಗುರುತಿನವರೆಗೆ ಹೊಳೆಯಲ್ಲಿ ಎಷ್ಟು ದೂರ ಬೇಕಾದರೂ ನಡೆಯಬಹುದು. ಪಕ್ಕದ ವಯೋಮಿಂಗ್‌ನಲ್ಲಿ ಹೊಳೆಯ ತಳ ಜಮೀನಿನವನದು. ದೋಣಿಯಲ್ಲಿ ತೇಲಬಹುದು, ಕಾಲೂರಿದರೆ ಅತಿಕ್ರಮ.

ನೆಲದ ಮೇಲೆ ಹಾಗಿಲ್ಲ. ಎಲ್ಕ್ ಎಲ್ಲರದು, ಆದರೆ ಖಾಸಗಿ ಜಮೀನಿಗೆ ಕಾಲಿಡಲು ಒಡೆಯನ ಒಪ್ಪಿಗೆ ಬೇಕು. ಬೇಟೆಗಾರರನ್ನು ಬಿಟ್ಟುಕೊಳ್ಳುವ ರೈತರಿಗೆ ಲೈಸೆನ್ಸಿನ ಹಣದಿಂದ ಪರಿಹಾರ ಕೊಡುವ ಯೋಜನೆ 1985ರಿಂದ ಇದೆ; ಹಲವೆಡೆ ಗೇಟಿನ ಬಳಿಯ ಪೆಟ್ಟಿಗೆಯಲ್ಲಿ ಹೆಸರು ಬರೆದು ಒಳಗೆ ಹೋದರಾಯಿತು. ಆದರೆ ಈಚೆಗೆ ದೂರದ ನಗರಗಳ ಶ್ರೀಮಂತರು ದೊಡ್ಡ ದೊಡ್ಡ ರ್‍ಯಾಂಚುಗಳನ್ನು ಕೊಳ್ಳುತ್ತಿದ್ದಾರೆ. ಅವರಿಗೆ ಆ ಪರಿಹಾರದ ಹಣ ಲೆಕ್ಕಕ್ಕಿಲ್ಲ, ಗೇಟಿಗೆ ಬೀಗ. ಎಲ್ಕ್ ಪೆದ್ದು ಪ್ರಾಣಿಯಲ್ಲ. ಸೀಸನ್ನಿನ ಮೊದಲ ಗುಂಡು ಕೇಳುತ್ತಲೇ ಹಿಂಡು ಸರ್ಕಾರಿ ಕಾಡು ಬಿಟ್ಟು ಗುಂಡಿಲ್ಲದ ಆ ಜಮೀನಿಗೆ ಹೋಗಿ ಮಲಗುತ್ತದೆ.

ಇನ್ನೊಂದು ತೊಡಕು ರೈಲಿನ ಕಾಲದ್ದು. 1864ರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಗೆ ಹಳಿ ಹಾಕಲು ಪ್ರೋತ್ಸಾಹವೆಂದು ಒಂದು ಬಿಟ್ಟು ಒಂದು ಚದರ ಮೈಲಿಯ ಚೌಕಗಳನ್ನು ಕೊಟ್ಟರು. ಆ ಚೌಕಗಳು ಕೈಬದಲಾಗುತ್ತ ಇಂದಿಗೂ ಖಾಸಗಿ ಒಂದು, ಸರ್ಕಾರಿ ಒಂದು ಎಂಬಂತೆ ಉಳಿದಿವೆ. ಎರಡು ಸರ್ಕಾರಿ ಚೌಕಗಳು ಮೂಲೆಗೆ ಮೂಲೆ ತಾಗುವಲ್ಲಿ, ಖಾಸಗಿ ನೆಲ ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಹೆಜ್ಜೆ ದಾಟಿದರೆ ತಪ್ಪೇ? ದಾಟುವವನ ಭುಜ ಒಂದು ಕ್ಷಣ ಖಾಸಗಿ ಗಾಳಿಯಲ್ಲಿರುತ್ತದಲ್ಲ! ವಯೋಮಿಂಗ್‌ನ ಅಂಥದೊಂದು ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ 2025ರಲ್ಲಿ ದಾಟಿದವರ ಪರ ನಿಂತಿತು. ಮೊಂಟಾನಾ ಬೇರೆ ನ್ಯಾಯವಲಯಕ್ಕೆ ಸೇರಿದ್ದರಿಂದ ಆ ತೀರ್ಪು ಅಲ್ಲಿ ಕಟ್ಟುಪಾಡಲ್ಲ. ಈಗ ಅಲ್ಲಿನ ಬೇಟೆಗಾರನ ಕಿಸೆಯಲ್ಲಿ ಪ್ರತಿ ಚೌಕದ ಒಡೆಯನ ಹೆಸರು ತೋರಿಸುವ ಮೊಬೈಲ್ ನಕ್ಷೆ ಇರುತ್ತದೆ. ಮಿಸೌಲ ಊರಿನಲ್ಲೇ ಹುಟ್ಟಿದ ಒಂದು ಕಂಪನಿ ಅದನ್ನು ಮಾರುತ್ತದೆ. ಮೂಲೆ ಎಲ್ಲಿದೆ ಎಂದು ಅದು ಕರಾರುವಾಕ್ಕಾಗಿ ಹೇಳುತ್ತದೆ. ದಾಟಬಹುದೇ ಎಂಬುದನ್ನು ಹೇಳಬೇಕಾದವರು ರಾಜಧಾನಿ ಹೆಲೆನಾದ ಶಾಸಕರು, ಅವರು ಇನ್ನೂ ಹೇಳಿಲ್ಲ.